ಬೇಸಿಲ್ ಹುಡುಕಿದವನಿಗೆ ಸಿಕ್ಕಿದ್ದು ಕಾಮಕಸ್ತೂರಿ

ತ್ರ್ಯಂಬಕೇಶ್ವರದಲ್ಲಿ ಮನೆ ಮಾಡಿಕೊಂಡು ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಪೆಸ್ಟೊ ಹುಚ್ಚು ಹತ್ತಿಸಿದ್ದು ಮಗಳು. ಗೆಳತಿಯ ಹುಟ್ಟುಹಬ್ಬದಲ್ಲಿ ತಿಂದ 'ಹಸಿರು ಪಾಸ್ತಾ' ಮನೆಯಲ್ಲೂ ಬೇಕೆಂದು ಹಟ ಹಿಡಿದಳು. ನಾಸಿಕ್‌ನಿಂದ ತಂದ ಬಾಟಲಿ ಎರಡೇ ಸಲಕ್ಕೆ ಖಾಲಿ. ಅದರ ಬೆಲೆ ನೋಡಿ, ಬೇಸಿಲ್ ಅಂದರೆ ತುಳಸಿಯೇ ತಾನೆ ಎಂದುಕೊಂಡು ಅಂಗಳದ ತುಳಸಿಯನ್ನೇ ರುಬ್ಬಿದೆ. ಪಾಸ್ತಾವನ್ನು ಕೆಮ್ಮಿನ ಕಷಾಯದಲ್ಲಿ ಅದ್ದಿದಂತಿತ್ತು. ಮಗಳು ತಟ್ಟೆ ದೂಡಿದಳು.

ಮರುವಾರ ನರ್ಸರಿಯೊಂದರಲ್ಲಿ ಬೇಸಿಲ್ ಕೇಳಿದೆ. ಅಲ್ಲಿದ್ದ ಮಾವಶಿ ಕುಂಡವೊಂದನ್ನು ತೋರಿಸಿ 'ಹಾ ತರ್ ಸಬ್ಜಾ' ಎಂದರು. ಎಲೆ ಕಿವುಚಿ ಮೂಸಿದೆ. ಹಾಸನದ ನಮ್ಮ ಹಿತ್ತಲು ಕಣ್ಣ ಮುಂದೆ ಬಂತು. ಅಮ್ಮ ಮಲ್ಲಿಗೆಯ ನಡುವೆ ಸೇರಿಸಿ ಕಟ್ಟುತ್ತಿದ್ದ ಕಾಮಕಸ್ತೂರಿ! ಬೇಸಿಗೆಯ ಪಾನಕಕ್ಕೆ ನೆನೆಸುತ್ತಿದ್ದ ಕಪ್ಪು ಬೀಜವೂ ಇದರದ್ದೇ.

ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೇಸಿಲ್ ಮತ್ತು ಕಾಮಕಸ್ತೂರಿ ಒಂದೇ ಪ್ರಭೇದ, ಪೂಜೆಯ ತುಳಸಿ ಬೇರೆ. ಲವಂಗದಲ್ಲಿರುವ ಯೂಜಿನಾಲ್ ತುಳಸಿಯಲ್ಲೂ ಇರುವುದರಿಂದ ಆ ಘಾಟು. ಇಟಲಿಯ ಜಿನೋವಾ ತಳಿಯ ಎಲೆ ಅಗಲ, ಪರಿಮಳ ಮೃದು. ನಮ್ಮದು ಸ್ವಲ್ಪ ಖಡಕ್. ಹೂ ಬಿಡುವ ಮೊದಲೇ ಎಳೆಯ ಎಲೆ ಕಿತ್ತರೆ ಸರಿಹೋಗುತ್ತದೆ.

ಮಾಡುವುದು ಸುಲಭ. ಕುಟ್ಟಾಣಿಯಲ್ಲಿ ಒಂದು ಎಸಳು ಬೆಳ್ಳುಳ್ಳಿ, ಕಲ್ಲುಪ್ಪು, ಮೂರು ಚಮಚ ಹುರಿದ ಕಡಲೆಕಾಯಿ ಬೀಜ ಕುಟ್ಟಿ. ತೊಳೆದು ಒರೆಸಿದ ಎರಡು ಹಿಡಿ ಎಲೆ ಹಾಕಿ ಅರೆಯಿರಿ. ನಾಲ್ಕು ಚಮಚ ತುರಿದ ಚೀಸ್, ಕಾಲು ಲೋಟ ಆಲಿವ್ ಎಣ್ಣೆ ಬೆರೆಸಿ. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ, ಬಿಸಿಯಾದರೆ ಎಲೆ ಕಪ್ಪಾಗುತ್ತದೆ. ಪೆಸ್ಟೊವನ್ನು ಒಲೆಯ ಮೇಲೆ ಕುದಿಸಬಾರದು. ಉರಿ ಆರಿಸಿ, ಬಿಸಿ ಪಾಸ್ತಾಕ್ಕೆ ಕಲಸಿ, ಪಾಸ್ತಾ ಬೆಂದ ನೀರು ಅರ್ಧ ಸೌಟು ಹಾಕಿ. ಆ ಗಂಜಿಯಿಂದಲೇ ಸಾಸ್ ಪಾಸ್ತಾಕ್ಕೆ ಅಂಟುವುದು. ಸಸ್ಯಾಹಾರಿಗಳಿಗೆ ಒಂದು ಮಾತು: ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಕರುವಿನ ಜಠರದ ರೆನೆಟ್ ಬಳಸುತ್ತಾರೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ಕೊಳ್ಳಿ.

ಪೈನ್ ಬೀಜವಿಲ್ಲದೆ ಅದೆಂಥ ಪೆಸ್ಟೊ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಜಿನೋವಾದವರೇ ಅಷ್ಟು ಬಿಗಿಯಾಗಿರಲಿಲ್ಲ. 1863ರಲ್ಲಿ ಜೊವಾನ್ನಿ ಬಟಿಸ್ಟಾ ರಾಟ್ಟೊ ಅವರ ಅಡುಗೆ ಪುಸ್ತಕದಲ್ಲಿ ಬಂದ ಪೆಸ್ಟೊದಲ್ಲಿ, ಬೇಸಿಲ್ ಸಿಗದಿದ್ದರೆ ಮಾರ್ಜೊರಮ್, ಪಾರ್ಸ್ಲಿ ಹಾಕಬಹುದು ಎಂದಿದೆ. ಚೀಸ್‌ನಲ್ಲಿ ಒಂದು ಪಾಲು ಹಾಲೆಂಡಿನದು. ಮಾರ್ಜೊರಮ್ ಅಂದರೆ ನಮ್ಮ ಹೂವಾಡಗಿತ್ತಿಯರು ದಂಡೆಗೆ ಸೇರಿಸುವ ಮರುಗ. ಪೆಸ್ಟೊ ಎಂಬ ಪದಕ್ಕೂ ಕುಟ್ಟಿದ್ದು ಎಂದಷ್ಟೇ ಅರ್ಥ. ಇಲ್ಲಿ ನಮ್ಮ ನೆರೆಮನೆಯವರು ಖಲಬತ್ತಾದಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕಡಲೆಕಾಯಿ ಬೀಜ ಕುಟ್ಟಿ ಠೇಚಾ ಮಾಡುವಾಗ ಕೇಳುವುದೂ ಅದೇ ಸದ್ದು.

ನನ್ನನ್ನು ಕಾಡಿದ್ದು ಬೇರೆ. ಅಂಗಡಿಯಲ್ಲಿ ಬೇಸಿಲ್, ನರ್ಸರಿಯಲ್ಲಿ ಸಬ್ಜಾ, ಎಂ.ಟೆಕ್ ಓದಿದ ನನಗೆ ಮೂಸಿ ನೋಡುವವರೆಗೆ ಕನ್ನಡದ ಹೆಸರು ನೆನಪಿಗೇ ಬರಲಿಲ್ಲ. ನನಗೇ ಹೀಗಾದರೆ ಮರಾಠಿ, ಇಂಗ್ಲಿಷ್ ನಡುವೆ ಬೆಳೆಯುತ್ತಿರುವ ಮಗಳ ಗತಿಯೇನು? ಹೊರನಾಡಿನಲ್ಲಿ ಕನ್ನಡ ಉಳಿಸಲು ನಾವು ನವೆಂಬರಿನಲ್ಲಿ ಬಾವುಟ ಹಾರಿಸುತ್ತೇವೆ. ಅದು ಬೇಕು. ಆದರೆ ಮಕ್ಕಳ ಬಾಯಲ್ಲಿ ಪದ ನಿಲ್ಲುವುದು ಆ ವಸ್ತು ಅವರ ಕೈಗೆ ಸಿಕ್ಕಾಗ, ತಟ್ಟೆಗೆ ಬಂದಾಗ. ಊರಿನ ತಿಂಡಿಯಿಂದಲೇ ಅದು ಆಗಬೇಕೆಂದೂ ಇಲ್ಲ, ಇಟಲಿಯ ಪಾಸ್ತಾದಿಂದಲೂ ಆದೀತು.

ಕಿರಾಣಿ ಅಂಗಡಿಯ ಕಾಮಕಸ್ತೂರಿ ಬೀಜವನ್ನೇ ಒಂದು ಕುಂಡಕ್ಕೆ ಉದುರಿಸಿ ನೋಡಿ, ಸಾಮಾನ್ಯವಾಗಿ ಮೊಳೆಯುತ್ತದೆ. ಬಿಸಿಲು ಬೀಳುವ ಕಿಟಕಿ ಸಾಕು. ನೀರು ಹಾಕುವ ಕೆಲಸ ಮಕ್ಕಳಿಗೆ ಬಿಡಿ. ನಮ್ಮ ಮನೆಯಲ್ಲಿ ಮೊನ್ನೆ ಮೀಟಿಂಗ್ ನಡುವೆಯೇ ಮಗಳು ಕೂಗಿದಳು: 'ಅಪ್ಪಾ, ಕಾಮಕಸ್ತೂರಿ ಹೂ ಬಿಡ್ತಾ ಇದೆ, ಚಿವುಟಿಬಿಡ್ಲಾ?'