ಗಂಟೆ ಲೆಕ್ಕದ ಉಳುಮೆ

ಊರಿನಲ್ಲಿ ನಾಲ್ಕೆಕರೆ ಹೊಲ ಇಟ್ಟುಕೊಂಡು, ಬೆಂಗಳೂರಿನಲ್ಲಿ ಕೂತು, ಫೋನಿನಲ್ಲಿ ಬೇಸಾಯ ಮಾಡುವ ಪಂಗಡಕ್ಕೆ ಸೇರಿದವನು ನಾನು. ನೀವೂ ಅದೇ ಪಂಗಡದವರಾದರೆ, ಇದು ನಿಮ್ಮನ್ನು ಬೈಯುವುದಕ್ಕೇ ಬರೆದದ್ದು. ನನ್ನನ್ನೂ ಸೇರಿಸಿಕೊಂಡೇ ಬೈತೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮ ಬೇಸಾಯ ಹೇಗೆ ನಡೆಯುತ್ತೆ ಗೊತ್ತಲ್ಲ? ಏಪ್ರಿಲ್‌ನಲ್ಲಿ ಊರಿಂದ ಒಂದು ಫೋನು. "ಅಣ್ಣ, ಟ್ರಾಕ್ಟರ್ ಬಂದೈತೆ, ಡಿಸ್ಕ್ ಹೊಡೆಸ್ಲಾ?" "ಗಂಟೆಗೆ ಎಷ್ಟಂತೆ?" ಅಷ್ಟೇ. ಸಾಯಂಕಾಲ ಯಾವುದೋ ಮೀಟಿಂಗಿನಲ್ಲಿ ಮೈಕ್ ಮ್ಯೂಟ್ ಮಾಡಿಕೊಂಡು ಯುಪಿಐನಲ್ಲಿ ದುಡ್ಡು ಕಳಿಸಿದರೆ ಉಳುಮೆ ಮುಗಿಯಿತು. ಎಷ್ಟು ಆಳ ಉತ್ತರು ಅಂತ ನಾನು ಏಳು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಪಕ್ಕದ ಹೊಲದವರಿಗಿಂತ ಒಂದು ಗಂಟೆ ಕಮ್ಮಿ ಬಿಲ್ಲಾಯಿತು ಅಂತ ಒಂದು ವರ್ಷ ಖುಷಿಪಟ್ಟು, ಆ ಡ್ರೈವರ್ ನಂಬರನ್ನ ಇನ್ನಿಬ್ಬರು ಸ್ನೇಹಿತರಿಗೆ ಕೊಟ್ಟಿದ್ದೆ ಬೇರೆ.

ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಉಳುಮೆಯ ದಿನವೇ ಊರಲ್ಲಿದ್ದೆ. ನಮ್ಮದು ಶಿರಾ ಕಡೆ. ಕೆಂಪು ನೆಲ, ಮಳೆ ಬಿದ್ದರೆ ರಾಗಿ, ಕಡ್ಲೇಕಾಯಿ. ಎರಡು ಸಾಲು ಹೊಡೆದಿದ್ದನ್ನು ನೋಡಿದೆ. ಮಣ್ಣು ಚೆನ್ನಾಗಿಯೇ ಮಗುಚಿದ ಹಾಗೆ ಕಂಡಿತು, ಒಂದು ಫೋಟೋ ಕೂಡ ತೆಗೆದೆ. ನಮ್ಮ ದೊಡ್ಡಪ್ಪ ಒಂದು ಕಾಲಕ್ಕೆ ವೆಲ್ಡಿಂಗ್ ಶೆಡ್ ಇಟ್ಟಿದ್ದವರು. ಬಂದವರೇ ಒಂದು ಕಡ್ಡಿ ಮುರಿದು ಸಾಲಿನ ತಳಕ್ಕೆ ಊರಿ, ಪಕ್ಕದ ಉಳದ ನೆಲದ ಮಟ್ಟಕ್ಕೆ ಬೆರಳಿಟ್ಟು ತೋರಿಸಿದರು. ನಾಲ್ಕು ಇಂಚು.

ಉತ್ತ ಮಣ್ಣು ಉಬ್ಬಿರುತ್ತೆ. ಅದರ ಮೇಲಿಂದ ಅಳೆದರೆ ಏಳೆಂಟು ಇಂಚು ತೋರಿಸುತ್ತೆ. ನನ್ನಂಥವರ ಫೋಟೋದಲ್ಲಿ ಒಂದು ಅಡಿಯೇ ತೋರಿಸಬಹುದು.

"ನೆಲ ಬಂಡೆ ಆಗೈತಣ್ಣ, ಏನ್ ಮಾಡೋಕಾಯ್ತದೆ" ಅಂದ ಡ್ರೈವರ್. ಲಿವರ್ ಪೂರ್ತಿ ಕೆಳಗೇ ಇತ್ತು. ಸೈಜುಗಲ್ಲು ತಂದು ನೇಗಿಲ ಮೇಲೆ ಹೇರೋಣ ಅಂತ ಅವನೇ ಹೇಳಿದ. ದೊಡ್ಡಪ್ಪ, "ಭಾರ ಕೊನೇ ಮದ್ದು ಕಣಪ್ಪ, ಮೊದಲ್ನೇದಲ್ಲ. ಎಲ್ಲಿ ಉಳ್ತಿದ್ದೆ ಇದಕ್ಕೆ ಮುಂಚೆ?" ಅಂತ ಕೇಳಿದರು. ಕೆರೆ ಹಿಂದಿನ ಜಮೀನಿನಲ್ಲಂತೆ. ಅಂಟು ಮಣ್ಣು, ಕಪ್ಪು. ಅಲ್ಲಿಗೆ ಸರಿಯಾಗಿ ಯಾರೋ ತಟ್ಟೆಗಳನ್ನು ಹಿಂದಕ್ಕೆ ಮಲಗಿಸಿದ್ದರು. ಅದೇ ಕೋನದಲ್ಲಿ ನೇಗಿಲು ನಮ್ಮ ಗಟ್ಟಿ ನೆಲಕ್ಕೆ ಬಂದಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದರೆ ನನಗೇ ಇದು ಗೊತ್ತಿರಲಿಲ್ಲ. ಡಿಸ್ಕ್ ನೇಗಿಲಿನ ತಟ್ಟೆ ಅಂದರೆ ಎರಡಡಿ ಅಗಲದ ಒಂದು ಬಾಣಲೆ ಅಂದುಕೊಳ್ಳಿ, ಅಂಚು ಮಾತ್ರ ಹರಿತ. ಅದು ಎರಡು ರೀತಿಯಲ್ಲಿ ಓರೆಯಾಗಿ ಕೂತಿರುತ್ತೆ. ಒಂದು, ಟ್ರಾಕ್ಟರ್ ಹೋಗುವ ದಿಕ್ಕಿಗೆ ಓರೆ. ಇದು ಸಾಮಾನ್ಯವಾಗಿ 42ರಿಂದ 45 ಡಿಗ್ರಿ. ತಟ್ಟೆ ಹೋಗುವ ದಿಕ್ಕಿಗೇ ನೇರವಾಗಿದ್ದರೆ ಚಕ್ರದ ಹಾಗೆ ಉರುಳಿಕೊಂಡು ಹೋಗುತ್ತೆ, ಗೀರು ಬೀಳುತ್ತೆ ಅಷ್ಟೇ. ಆ ಓರೆ ಹೆಚ್ಚಿದಷ್ಟೂ ಮಣ್ಣಿಗೆ ಕಚ್ಚಿಕೊಳ್ಳುತ್ತೆ. ಇನ್ನೊಂದು, ನೆಟ್ಟಗೆ ನಿಲ್ಲದೆ ಹಿಂದಕ್ಕೆ ವಾಲಿದ ಓರೆ. ಇದು 15ರಿಂದ 25 ಡಿಗ್ರಿ. ನೆಟ್ಟಗಿದ್ದಷ್ಟೂ ಗಟ್ಟಿ ನೆಲಕ್ಕೆ ಇಳಿಯುತ್ತೆ. ವಾಲಿದಷ್ಟೂ ಅಂಟು ಮಣ್ಣನ್ನ ಎತ್ತಿ ಮಗುಚೋಕೆ ಸಲೀಸು, ಆದರೆ ಗಟ್ಟಿ ನೆಲ ಸಿಕ್ಕರೆ ಮೇಲಕ್ಕೇ ತೇಲುತ್ತೆ. ಮಣ್ಣು ಮಗುಚುವ ರೆಕ್ಕೆ ನೇಗಿಲಿದೆಯಲ್ಲ, ಅದರ ಗುಳದ ಆಕಾರವೇ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತೆ. ಡಿಸ್ಕಿಗೆ ಆ ಗುಣ ಇಲ್ಲ. ಅದು ಇಳಿಯೋದು ತನ್ನ ಭಾರ ಮತ್ತು ಈ ಎರಡು ಕೋನಗಳಿಂದ. ಕೋನ ತಪ್ಪಿದರೆ ಐವತ್ತು ಎಚ್‌ಪಿ ಟ್ರಾಕ್ಟರ್ ಮುಂದೆ ಕಟ್ಟಿದರೂ ನೆಲ ಸವರಿಕೊಂಡೇ ಹೋಗುತ್ತೆ.

ದೊಡ್ಡಪ್ಪ ನೇಗಿಲ ಕೆಳಗೆ ಮರದ ತುಂಡು ಕೊಟ್ಟು, ತುಕ್ಕು ಹಿಡಿದ ಬೋಲ್ಟಿಗೆ ಡೀಸೆಲ್ ಬಿಟ್ಟು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಸಡಿಲ ಮಾಡಿದರು. ಮೂರೂ ತಟ್ಟೆಗಳನ್ನು ನೆಟ್ಟಗೆ ಮಾಡಿ ಬಿಗಿ ಮಾಡಿಸಿದರು. ಮುಂದಿನ ತಟ್ಟೆ, ಹಿಂದಿನ ತಟ್ಟೆ ಒಂದೇ ಆಳಕ್ಕೆ ಇಳಿಯುವ ಹಾಗೆ ಟಾಪ್ ಲಿಂಕನ್ನೂ ಸರಿ ಮಾಡಿಸಿದರು. ನಲವತ್ತು ನಿಮಿಷ. ಅದೇ ಟ್ರಾಕ್ಟರ್, ಅದೇ ಗೇರು, ಅದೇ ಹೊಲ. ಕಡ್ಡಿ ಊರಿದರೆ ಏಳು ಇಂಚಿನ ಹತ್ತಿರ.

ಮೂರು ಇಂಚಿಗೆ ಇಷ್ಟು ರಾಮಾಯಣವಾ ಅಂತೀರಾ? ಲೆಕ್ಕ ಹಾಕಿ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಮಿಕ್ಕಿ ನೀರು. ನಿಮ್ಮ ಅಪಾರ್ಟ್‌ಮೆಂಟಿಗೆ ಬರುವ 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹದಿನೇಳು ಟ್ಯಾಂಕರ್, ಒಂದೇ ಎಕರೆಗೆ. ಭರಣಿ ಮಳೆಯೋ ರೋಹಿಣಿ ಮಳೆಯೋ, ಬರುವುದು ಒಂದೇ ಗಂಟೆಯಲ್ಲಿ ಸುರಿದು ಹೋಗೋ ಮಳೆ. ನೆಲ ಸಡಿಲ ಇದ್ದಷ್ಟು ಒಳಗೆ ಇಳಿಯುತ್ತೆ, ಉಳಿದದ್ದು ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳಕ್ಕೆ ಹೋಗುತ್ತೆ. ಸಾಲದ್ದಕ್ಕೆ ವರ್ಷಾ ವರ್ಷಾ ಅದೇ ನಾಲ್ಕು ಇಂಚಿಗೆ ಉತ್ತರೆ ಅದರ ಕೆಳಗೆ ಒಂದು ಗಟ್ಟಿ ಪದರ ಕೂತುಬಿಡುತ್ತೆ, ಬೇರು ಅಲ್ಲಿಗೆ ಬಂದು ಪಕ್ಕಕ್ಕೆ ತಿರುಗುತ್ತೆ. ಆಮೇಲೆ ಹದಿನೈದು ದಿನ ಮಳೆ ಹೋದರೆ ರಾಗಿ ಒಣಗಿತು ಅಂತ ನಾವು ಮಳೆಯನ್ನ ಬೈಯೋದು.

ಇನ್ನು ಆ ಡ್ರೈವರ್ ಸೋಮಾರಿ ಅಂತ ಹೇಳುವವರಿಗೆ ಎರಡು ಮಾತು. ಅವನು ದಿನಗೂಲಿ ಹುಡುಗ, ಟ್ರಾಕ್ಟರ್ ಬೇರೆಯವರದು. ಬೋಲ್ಟು ಬಿಚ್ಚುವಾಗ ಬಗ್ಗಿ ಬಗ್ಗಿ ನೋಡಿ, "ಇದನ್ನ ಯಾರೂ ತೋರ್ಸೇ ಇರ್ಲಿಲ್ಲಣ್ಣ" ಅಂದ. ನಮ್ಮ ಕಡೆ ಟ್ರಾಕ್ಟರ್ ಓಡಿಸೋದನ್ನ ಹುಡುಗರು ಒಬ್ಬರ ಪಕ್ಕ ಒಬ್ಬರು ಕೂತು ಕಲಿತಾರೆ, ಹಿಂದೆ ಕಟ್ಟಿದ್ದನ್ನ ಯಾರೂ ಕಲಿಸಲ್ಲ. ತೋರಿಸಿದ್ದರೂ ಅವನು ಮಾಡುತ್ತಿದ್ದನಾ? ಗಂಟೆ ಮೀಟರ್ ಆಫ್ ಮಾಡಿ ನಲವತ್ತು ನಿಮಿಷ ಬೋಲ್ಟು ತಿರುಗಿಸಿದರೆ ಓನರ್ ಬೈತಾನೆ. ಆನ್ ಮಾಡಿಟ್ಟುಕೊಂಡು ತಿರುಗಿಸಿದರೆ ನಾನು ಬೈತೀನಿ. ಆಳ ಉತ್ತರೆ ಇಂಜಿನ್ ಮೇಲೆ ಭಾರ, ಡೀಸೆಲ್ ಜಾಸ್ತಿ, ಗಂಟೆ ಜಾಸ್ತಿ, ನನ್ನ ಫೋನು ಇನ್ನೂ ಜಾಸ್ತಿ. ಮೇಲೆ ಮೇಲೆ ಸವರಿದರೆ ಬೇಗ ಮುಗಿಯುತ್ತೆ, ಬಿಲ್ಲು ಕಮ್ಮಿ, ನಾನು ಖುಷಿಯಾಗಿ ಅವನ ನಂಬರನ್ನ ಇನ್ನಿಬ್ಬರಿಗೆ ಕೊಡ್ತೀನಿ. ಗಂಟೆ ಲೆಕ್ಕ ಅನ್ನೋದು ಕೆಟ್ಟ ಉಳುಮೆಗೆ ನಾವೇ ಕೊಡುತ್ತಿರುವ ಬಹುಮಾನ. ಆಫೀಸಿನಲ್ಲಿ ಯಾರಾದರೂ ಬರೆದ ಕೋಡಿನ ಸಾಲು ಎಣಿಸಿ ಸಂಬಳ ಕೊಡ್ತೀನಿ ಅಂದರೆ ನಾವು ನಗ್ತೀವಿ. ಹೊಲಕ್ಕೆ ಮಾತ್ರ ಅದೇ ಲೆಕ್ಕ.

ನಮ್ಮಜ್ಜನ ಕಾಲದಲ್ಲಿ ಹೀಗಿರಲಿಲ್ಲ ಅಂತ ಹಳಹಳಿಕೆ ಶುರು ಮಾಡಲ್ಲ, ಎತ್ತಿನ ಹಿಂದೆ ನಡೆದವರ ಕಾಲು ನೋಡಿದ್ದೀನಿ. ಆದರೆ ಒಂದು ಮಾತು ನಿಜ. ಅವರು ಈಚಿಗೆ ನೊಗ ಕಟ್ಟುವ ಜಾಗವನ್ನು ಹಿಂದೆ ಮುಂದೆ ಮಾಡಿ ಆಳ ಹೊಂದಿಸುತ್ತಿದ್ದರು, ನೆಲ ಬದಲಾದರೆ ಮೇಳಿಯ ಮೇಲೆ ಕೈಭಾರ ಬದಲಾಗುತ್ತಿತ್ತು. ಹೊಂದಿಸುವುದು ಉಳುಮೆಯದೇ ಭಾಗ. ಟ್ರಾಕ್ಟರ್ ಬಂದ ಮೇಲೂ ಹೊಂದಿಸುವ ಬೋಲ್ಟುಗಳನ್ನ ಕಂಪನಿಯವರು ಇಟ್ಟೇ ಕಳಿಸಿದರು. ಮಷಿನ್ ಅಂದಮೇಲೆ ಅದೇ ನೋಡ್ಕೊಳ್ಳುತ್ತೆ ಅಂತ ಬಿಟ್ಟವರು ನಾವು.

ಈ ಕಥೆಯನ್ನು ನಮ್ಮ ಕ್ಯಾಂಟೀನಿನಲ್ಲಿ ಹೇಳಿದಾಗ ಒಬ್ಬ ಗೆಳೆಯ ಥಟ್ಟನೆ, "ಸೆನ್ಸರ್ ಹಾಕಿ ಆಳ ಅಳೆಯೋ ಆ್ಯಪ್ ಮಾಡಬಹುದು ಮಚಾ" ಅಂದ. ಮಾಡು ಮಾರಾಯ. ಆದರೆ ಕಡ್ಡಿ ಮುರಿದು ನೆಲಕ್ಕೆ ಊರುವುದಕ್ಕೆ ಬಂಡವಾಳ ಬೇಕಾಗಿಲ್ಲ. ಡ್ರೋನು, ಉಪಗ್ರಹ ಅಂತ ಮಾತಾಡುವ ನಮಗೆ ತುಕ್ಕು ಹಿಡಿದ ಬೋಲ್ಟ್ ತಿರುಗಿಸುವ ಕೂಲಿ ಯಾರು ಕೊಡಬೇಕು ಅನ್ನೋ ಪ್ರಶ್ನೆ ಮಾತ್ರ ಬೋರು ಹೊಡೆಸುತ್ತೆ. ಇನ್ನೊಬ್ಬಳು ಫುಕುವೋಕಾ ಓದಿದವಳು, ಉಳುವುದೇ ತಪ್ಪು ಅಂದಳು. ಅದು ದೊಡ್ಡ ಚರ್ಚೆ, ಅವಳ ಮಾತಿನಲ್ಲಿ ತೂಕವೂ ಇದೆ. ಉಳಬಾರದು ಅನ್ನಿಸಿದರೆ ಉಳಿಸಬೇಡಿ. ದುಡ್ಡು ಕೊಟ್ಟು, ಡೀಸೆಲ್ ಸುಟ್ಟು, ನಾಲ್ಕು ಇಂಚು ಕೆರೆಸುವುದು ಮಾತ್ರ ಉತ್ತಂಗೂ ಅಲ್ಲ, ಬಿಟ್ಟಂಗೂ ಅಲ್ಲ.

ಈ ವರ್ಷ ನಾನು ಗಂಟೆ ಲೆಕ್ಕ ಬಿಟ್ಟಿದ್ದೀನಿ. ಎಕರೆಗೆ ಇಷ್ಟು, ಏಳು ಇಂಚಿಗೆ ಕಮ್ಮಿ ಆಗಬಾರದು, ನೇಗಿಲು ಹೊಂದಿಸುವುದಕ್ಕೆ ಡ್ರೈವರ್ ಕೈಗೇ ಬೇರೆ ದುಡ್ಡು. ಮೊದಲ ಎರಡು ಸಾಲು ಆದಮೇಲೆ ಟ್ರಾಕ್ಟರ್ ನಿಲ್ಲಿಸಿ ಕಡ್ಡಿ ಊರಿ ನೋಡುವುದು, ಅಳತೆ ಉಳದ ನೆಲದ ಮಟ್ಟದಿಂದ. ಒಟ್ಟು ಖರ್ಚು ಹಳೆಯದಕ್ಕಿಂತ ಜಾಸ್ತಿಯೇ ಬಂತು, ಸುಳ್ಳು ಹೇಳಲ್ಲ. ಹಳೇ ಹುಡುಗನೇ ಬಂದಿದ್ದ, ಈ ಸಲ ಸ್ಪ್ಯಾನರ್ ಅವನೇ ತಂದಿದ್ದ.

ಹೋದ ವಾರ ನಮ್ಮೂರಿನವರೇ ಒಬ್ಬರು ಫೋನ್ ಮಾಡಿದ್ದರು. ಅವರೂ ಬೆಂಗಳೂರಿನಲ್ಲೇ ಇರೋದು, ಹನ್ನೆರಡು ಎಕರೆ ಇದೆ. "ಏನ್ರೀ, ಬೋಲ್ಟ್ ತಿರುಗಿಸೋಕೆಲ್ಲ ದುಡ್ಡು ಕೊಟ್ಟು ರೇಟ್ ಕೆಡಿಸ್ತಿದೀರಂತೆ? ನಮ್ಮ ಹತ್ರಾನೂ ಕೇಳ್ತಾವ್ರೆ" ಅಂದರು. ನಿಮ್ಮ ಹೊಲ ಎಷ್ಟು ಆಳ ಉತ್ತಿದ್ದಾರೆ ಸಾರ್ ಅಂತ ಕೇಳಿದೆ. ಗಂಟೆಗೆ ಎಷ್ಟು ಕೊಟ್ಟೆ ಅಂತ ಹೇಳಿದರು.