ಡಿಕ್ರಿ ಸಿಕ್ಕಿತು, ಅಮೀನನೆಲ್ಲಿ?

ಅಂತರರಾಷ್ಟ್ರೀಯ ವೇದಿಕೆಗೆ ಹೋಗುವುದು, ಕೋರ್ಟಿನ ಮೆಟ್ಟಿಲು ಹತ್ತುವುದು, ಭಯೋತ್ಪಾದನೆ ನಡೆಸುವುದು, ಈ ಮೂರೂ ತನ್ನ ವಿರುದ್ಧ ದುರ್ಬಲರು ಹೂಡುವ ತಂತ್ರವೆಂದು ಅಮೆರಿಕದ ರಕ್ಷಣಾ ಇಲಾಖೆ 2005ರ ಧೋರಣಾ ಪತ್ರದಲ್ಲಿ ಒಂದೇ ಉಸಿರಿಗೆ ಹೇಳಿತು. ದಾವಾ ಹೂಡುವವನೂ ಬಾಂಬು ಇಡುವವನೂ ಒಂದೇ ಪಂಕ್ತಿಯಲ್ಲಿ! ಕಾನೂನನ್ನೇ ಆಯುಧ ಮಾಡಿಕೊಂಡರೆಂಬ ಈ ಗೋಳಿನ ಮರ್ಮ ತಿಳಿಯಲು ನಿಕರಾಗುವಾದ ಮೊಕದ್ದಮೆಯನ್ನು ನೋಡಬೇಕು.

ನಿಕರಾಗುವಾ ಮಧ್ಯ ಅಮೆರಿಕದ ಪುಟ್ಟ ದೇಶ. 1979ರಲ್ಲಿ ಅಲ್ಲಿನ ಜನ ಸೊಮೋಜಾ ಮನೆತನದ ಸರ್ವಾಧಿಕಾರವನ್ನು ಕಿತ್ತೊಗೆದರು. ಇದನ್ನು ಸಹಿಸದ ವಾಷಿಂಗ್ಟನ್ 'ಕಾಂಟ್ರಾ' ಎಂಬ ಬಂಡುಕೋರ ಪಡೆಗೆ ಹಣ, ಶಸ್ತ್ರ, ತರಬೇತಿ ಕೊಟ್ಟಿತು. 1984ರ ಆರಂಭದಲ್ಲಿ ಕೊರಿಂಟೊ ಮೊದಲಾದ ಬಂದರುಗಳ ನೀರಿನಲ್ಲಿ ಸ್ಫೋಟಕಗಳನ್ನು ಹುದುಗಿಸಿತು. ಬಂದರು ನಿಂತರೆ ಕಾಫಿ, ಹತ್ತಿ ಹೊರಹೋಗದು, ಎಣ್ಣೆ ಒಳಬರದು; ಪೇಟೆಯ ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏಪ್ರಿಲ್ 9ರಂದು ನಿಕರಾಗುವಾ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವಾ ಹೂಡಿತು. ಮಧ್ಯ ಅಮೆರಿಕದ ವ್ಯಾಜ್ಯಗಳಲ್ಲಿ ಎರಡು ವರ್ಷ ಆ ನ್ಯಾಯಾಲಯಕ್ಕೆ ತಾನು ಒಳಪಡೆನೆಂದು ಅಮೆರಿಕ ಮೂರು ದಿನ ಮೊದಲೇ ಸಾರಿತ್ತು. ನ್ಯಾಯಾಲಯ ಒಪ್ಪಲಿಲ್ಲ. 1985ರ ಜನವರಿಯಲ್ಲಿ ಪ್ರತಿವಾದಿ ವಿಚಾರಣೆಯಿಂದಲೇ ಎದ್ದುಹೋಯಿತು. 1986ರ ಜೂನ್ 27ರಂದು, ನಮ್ಮ ದೇಶದವರೇ ಆದ ನಗೇಂದ್ರ ಸಿಂಗರ ಅಧ್ಯಕ್ಷತೆಯಲ್ಲಿ, ತೀರ್ಪು ಬಂತು: ಅಮೆರಿಕ ಅಂತರರಾಷ್ಟ್ರೀಯ ಕಾನೂನನ್ನು ಮುರಿದಿದೆ, ನಷ್ಟ ತುಂಬಿಕೊಡಬೇಕು. ಕಾಂಟ್ರಾಗಳ ಪ್ರತಿಯೊಂದು ದುಷ್ಕೃತ್ಯಕ್ಕೂ ಅಮೆರಿಕವೇ ಹೊಣೆಯೆಂಬ ವಾದವನ್ನು ಮಾತ್ರ ಪೀಠ ತಳ್ಳಿಹಾಕಿತು. ಅದು ಯಾರ ಕೈಗೊಂಬೆಯೂ ಆಗಿರಲಿಲ್ಲ.

ಡಿಕ್ರಿಯೇನೋ ಸಿಕ್ಕಿತು. ಅಮಲ್ಜಾರಿ ಮಾಡುವ ಅಮೀನನೆಲ್ಲಿ? ಭದ್ರತಾ ಮಂಡಳಿಯಲ್ಲಿ ಸೋತ ಕಕ್ಷಿಯೇ ವೀಟೋ ಚಲಾಯಿಸಿತು! ಮಹಾಸಭೆಯಲ್ಲಿ ತೀರ್ಪನ್ನು ಪಾಲಿಸಬೇಕೆಂದವರು 94, ಬೇಡವೆಂದವರು 3. 1990ರ ಚುನಾವಣೆಯಲ್ಲಿ ನಿಕರಾಗುವಾದ ಸರಕಾರ ಬದಲಾಯಿತು. ಮರುವರ್ಷ ಹೊಸ ಸರಕಾರ ದಾವಾ ಹಿಂತೆಗೆದುಕೊಂಡಿತು. ಪರಿಹಾರದ ಬಿಡಿಗಾಸೂ ಬರಲಿಲ್ಲ.

ಹಾಗಾದರೆ ಎಲ್ಲ ವ್ಯರ್ಥವೆ? ನಾವು ಒಪ್ಪುವುದಿಲ್ಲ. ಲೇಬರ್ ಕೋರ್ಟಿನ ತೀರ್ಪನ್ನು ಮಾಲೀಕ ಜಾರಿಗೆ ತಾರದಿದ್ದರೂ ಗೇಟಿನ ಮುಂದೆ ನಿಂತವರ ಮಾತಿಗೆ ಅದರಿಂದ ತೂಕ ಬರುವುದನ್ನು ಗಿರಣಿ ಕಾರ್ಮಿಕರು ಬಲ್ಲರು. ಒಂದು ದೇಶ ಇನ್ನೊಂದರ ಮೇಲೆ ಬಲ ಪ್ರಯೋಗಿಸಿದಾಗಲೆಲ್ಲ ವಕೀಲರು ಇಂದಿಗೂ ನಿಕರಾಗುವಾದ ತೀರ್ಪನ್ನೇ ತೆರೆಯುತ್ತಾರೆ. ಬಂದೂಕನ್ನು ಅದು ತಡೆಯಲಿಲ್ಲ, ನಿಜ. ಬಂದೂಕು ಹಿಡಿದವನ ಮುಖವಾಡವನ್ನು ಕಳಚಿತು. ದೊಡ್ಡವರಿಗೆ ಉರಿಯುವುದು ಅದಕ್ಕೇ.

2022ರ ಮಾರ್ಚ್ 16ರಂದು, ಯುಕ್ರೇನಿನ ದಾವಾದಲ್ಲಿ, ಸೈನಿಕ ಕಾರ್ಯಾಚರಣೆಯನ್ನು ನಿಲ್ಲಿಸೆಂದು ಅದೇ ನ್ಯಾಯಾಲಯ ರಷ್ಯಾಕ್ಕೆ ಆಜ್ಞೆ ಮಾಡಿತು. ರಷ್ಯಾ ಪಾಲಿಸಲಿಲ್ಲ. ವಾಷಿಂಗ್ಟನ್ ಆಜ್ಞೆಯನ್ನು ಸ್ವಾಗತಿಸಿತು. 'ದುರ್ಬಲರ ತಂತ್ರ'ವೆಂಬ ಮಾತು ಅಂದು ಅದಕ್ಕೆ ನೆನಪಾಗಲಿಲ್ಲ.