ಅನುಭವ ತಪ್ಪನ್ನೂ ಕಲಿಸುತ್ತದೆ

"ಅನುಭವವೇ ಗುರು" ಎಂಬ ಭಾಷಣ ಕೇಳಿ ಕೇಳಿ ಸಾಕಾಗಿದೆ. ನಾನು ಓದಿದ್ದು ಏಳನೇ ಇಯತ್ತೆ. ಉಳಿದದ್ದೆಲ್ಲ ಹೊಲದಾಗೇ ಕಲಿತದ್ದು. ಅದರಲ್ಲಿ ಒಂದು ಪಾಠ ಪೂರಾ ತಪ್ಪಿತ್ತು.

1997-98ರ ಹಂಗಾಮನ್ನು ಕಲಬುರಗಿ ಸೀಮೆಯ ತೊಗರಿ ಬೆಳೆಗಾರರು ಮರೆತಿಲ್ಲ. ಹೂ-ಕಾಯಿ ಹೊತ್ತಿಗೆ ಕಾಯಿಕೊರಕ ಕೀಡಿ ಮುತ್ತಿತು. ಬೋನಾಳದ ನನ್ನ ನಾಲ್ಕು ಎಕರೆಗೆ ಆರು ಸಲ ಎಣ್ಣಿ ಹೊಡೆದೆ (ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತೀವಿ). ಬಂದದ್ದು ಮೂರು ಚೀಲ. ಅಂಗಡಿ ಉದ್ರಿ ತೀರಿಸಲು ಎತ್ತು ಮಾರಿದೆ. ಮರುವರ್ಷ ಎಂಟು ಸಲ ಹೊಡೆದೆ, ಬೆಳೆ ಬಂತು. ನೋಡ್ರಿ, ಅನುಭವ ಕಲಿಸಿತು: ಆರು ಸಾಲದು, ಎಂಟು ಬೇಕು! ಆ ವರ್ಷ ಕೀಡಿಯೇ ಕಡಿಮೆ ಇತ್ತು. ಎರಡೇ ಸಲ ಹೊಡೆದ ಬಾಜೂ ಹೊಲದವರಿಗೂ ಬೆಳೆ ಬಂದಿತ್ತು. ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಎತ್ತು ಮಾರಿ ಕಲಿತ ಪಾಠ ಯಾರು ಬಿಡುತ್ತಾರೆ? ಹತ್ತು ವರ್ಷ ಹಾಗೇ ನಡೆಯಿತು.

ಬಿಡಿಸಿದವಳು ನನ್ನ ಹೆಂಡತಿ. ಎಣ್ಣಿ ಹೊಡೆಯಲು ನೀರು ಹೊರುವವಳು ಆಕಿ. "ಈ ನಾಲ್ಕು ಸಾಲು ಬಿಡ್ರಿ, ನನ್ನ ಪಾಲಿನವು ಅಂತ ತಿಳೀರಿ" ಅಂದಳು. ನಮ್ಮವ್ವ ಮತ್ತು ಆಕಿ ಸಾಲಿನ ನಡುವೆ ತಾಡಪತ್ರಿ ಹಾಸಿ ಗಿಡ ಅಲ್ಲಾಡಿಸಿದರು. ಬಿದ್ದ ಕೀಡಿ ಕೋಳಿಗೆ. ಅವ್ವನ ಕಾಲದಾಗ ಎಲ್ಲರೂ ಹೀಗೇ ಮಾಡುತ್ತಿದ್ದರಂತೆ. ಇಕ್ರಿಸ್ಯಾಟ್ ವಿಜ್ಞಾನಿಗಳೂ ಇದನ್ನು ಹೊಲದಲ್ಲಿ ಪರೀಕ್ಷಿಸಿ ಒಪ್ಪಿದ್ದಾರೆಂದು ನನಗೆ ಆಮೇಲೆ ಗೊತ್ತಾಯಿತು.

ರಾಶಿ ಬೇರೆ ಮಾಡಿ ತೂಗಿದೆವು. ಆಕಿಯ ನಾಲ್ಕು ಸಾಲು, ನನ್ನ ನಾಲ್ಕು ಸಾಲು, ಹೆಚ್ಚುಕಡಿಮೆ ಸಮ. ಆದರೆ ಬಾಜೂ ಸಾಲಿನ ಎಣ್ಣಿ ಅವಕ್ಕೂ ತಾಗಿರಬಹುದಲ್ಲ? ಅದಕ್ಕೇ ಮರುವರ್ಷ ಒಂದು ಎಕರೆ ದೂರ ಬಿಟ್ಟು ನೋಡಿದೆ. ಅಲ್ಲೂ ನಷ್ಟವಾಗಲಿಲ್ಲ. ಮೂರನೇ ವರ್ಷ ಮೋಡ ಹಿಡಿದು ಕೀಡಿ ವಿಪರೀತವಾಯಿತು, ಅಲ್ಲಾಡಿಸಿದರೂ ಸಾಲಲಿಲ್ಲ, ಒಂದು ಸಲ ಹೊಡೆದೆ. ಮಗನ ಹಳೇ ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದಿಟ್ಟಿದ್ದೇನೆ. ಬರೆಯದಿದ್ದರೆ ಬಂದ ಬೆಳೆ ಮಾತ್ರ ನೆನಪಿರುತ್ತದೆ, ಹೋದದ್ದು ದೈವದ ಲೆಕ್ಕಕ್ಕೆ.

ಇಂಡೋನೇಶಿಯಾದಲ್ಲಿ 1989ರಲ್ಲಿ ಭತ್ತದ ರೈತರಿಗೆ ಕ್ಷೇತ್ರ ಪಾಠಶಾಲೆ ಶುರುವಾಯಿತು. ವಾರಕ್ಕೊಮ್ಮೆ ಗದ್ದೆಗಿಳಿದು ಬೆಳೆ ತಿನ್ನುವ ಹುಳ ಎಷ್ಟು, ಅದನ್ನು ತಿನ್ನುವ ಜೇಡ ಎಷ್ಟು ಎಂದು ಎಣಿಸಿ, ಚಿತ್ರ ಬರೆದು, ಕೂತು ಮಾತಾಡಿ, ಆಮೇಲೆ ಎಣ್ಣಿ ಬೇಕೋ ಬೇಡವೋ ಅಂತ ತೀರ್ಮಾನ. ನಮ್ಮ ಸಭೆಗಳಲ್ಲಿ "ಎಷ್ಟು ಚೀಲ ಬಂತು?" ಅಂತ ಕೇಳುತ್ತಾರೆ. "ಯಾವುದರ ಜೊತೆ ಹೋಲಿಸಿದಿ?" ಅಂತ ಕೇಳಿದವರನ್ನು ನಾನು ಕಂಡಿಲ್ಲ.

ಬೋನಾಳ ಕೆರೆಯ ಹಕ್ಕಿ ನೋಡಲು ದೂರದಿಂದ ಜನ ಬರುತ್ತಾರೆ. ನನ್ನ ಹೊಲದ ಹಕ್ಕಿಯನ್ನು ನಾನೇ ನೋಡಿರಲಿಲ್ಲ. ತೊಗರಿ ನಡುವೆ ಅಲ್ಲಲ್ಲಿ ಹಾಕಿದ ಜೋಳದ ತೆನೆ ಮೇಲೆ ಕೂತು ಅವು ಕೀಡಿ ಹೆಕ್ಕುತ್ತವೆ ಎಂದು ತೋರಿಸಿದವಳೂ ಆಕಿಯೇ. ಈ ಸಲ ಒಂದು ಪಟ್ಟಿಗೆ ಜೋಳ ಹಾಕಿಲ್ಲ. ಅಲ್ಲಿ ಕೀಡಿ ಹೆಚ್ಚಾಗುತ್ತೋ ಏನೋ, ನೋಡಬೇಕು.